ವಿಲ್ ಬರೆದರೆ ಸಾಲದು, ಸಾಕ್ಷಿ ಗಟ್ಟಿಯಿರಬೇಕು

ವಿಲ್ ಬರೆಸುವಾಗ ಎಲ್ಲರ ಗಮನವೂ ಯಾರಿಗೆ ಎಷ್ಟು ಎನ್ನುವುದರ ಮೇಲೆಯೇ. ಆದರೆ ಕೋರ್ಟಿನಲ್ಲಿ ಅದು ಬಿದ್ದುಹೋಗಲು ಸಹಿ-ಸಾಕ್ಷಿಯಲ್ಲಿ ಒಂದು ಲೋಪವಿದ್ದರೆ ಸಾಕು.

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಸೆಕ್ಷನ್ ಕೇಳುವುದು ಇಷ್ಟು: ವಿಲ್ ಮಾಡುವವರು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಬೇಕು. ಕನಿಷ್ಠ ಇಬ್ಬರು ಅದನ್ನು ಕಣ್ಣಾರೆ ನೋಡಿರಬೇಕು, ಇಲ್ಲವೇ ‘ಇದು ನನ್ನದೇ ಸಹಿ’ ಎಂದು ಅವರ ಬಾಯಿಂದಲೇ ಕೇಳಿರಬೇಕು. ಆಮೇಲೆ ಸಾಕ್ಷಿಗಳೂ ವಿಲ್ ಮಾಡಿದವರ ಕಣ್ಣೆದುರೇ ಸಹಿ ಹಾಕಬೇಕು. (ಮುಸ್ಲಿಮರ ವಸಿಯ್ಯತ್‌ಗೆ, ಅಂದರೆ ಅವರು ಮಾಡುವ ವಿಲ್‌ಗೆ, ಈ ಸೆಕ್ಷನ್ ಅನ್ವಯಿಸುವುದಿಲ್ಲ.) ಇಬ್ಬರು ಸಾಕ್ಷಿಗಳೂ ಒಂದೇ ಹೊತ್ತಿಗೆ ಇರಲೇಬೇಕೆಂದು ಕಾನೂನು ಹೇಳುವುದಿಲ್ಲ. ಆದರೂ ದಯವಿಟ್ಟು ಒಟ್ಟಿಗೇ ಕೂರಿಸಿ. ಕಾಗದವನ್ನು ಸಾಕ್ಷಿಯ ಮನೆಗೆ ಕಳಿಸಿ ಸಹಿ ಹಾಕಿಸಿಕೊಂಡು ಬರುವ ಅಭ್ಯಾಸವೇ ಎಲ್ಲಕ್ಕಿಂತ ಅಪಾಯ. ಮುಂದೆ ತಕರಾರು ಎದ್ದಾಗ, ಸಾಕ್ಷಿಗಳಲ್ಲಿ ಬದುಕಿರುವ ಒಬ್ಬರಾದರೂ ಕೋರ್ಟಿಗೆ ಬಂದು ಇದನ್ನೆಲ್ಲ ಹೇಳಬೇಕು. ರಿಜಿಸ್ಟರ್ ಆದ ವಿಲ್‌ಗೂ ಇದರಿಂದ ವಿನಾಯಿತಿಯಿಲ್ಲ.

ಹಾಗಾಗಿ ನಿಮಗಿಂತ ಚಿಕ್ಕ ವಯಸ್ಸಿನ, ಹುಡುಕಿದರೆ ಸಿಗುವಂಥ ಸಾಕ್ಷಿಗಳನ್ನು ಆರಿಸಿ. ಸಹಿಯ ಕೆಳಗೆ ಪೂರ್ತಿ ಹೆಸರು, ತಂದೆಯ ಹೆಸರು, ವಿಳಾಸ ಬರೆಸಿ. ಬರೀ ಗೀಚಿದ ಸಹಿಯಿದ್ದರೆ ಇಪ್ಪತ್ತು ವರ್ಷದ ಮೇಲೆ ಅದು ಯಾರದೆಂದು ಪತ್ತೆಹಚ್ಚುವವರಾರು? ಆಸ್ತಿ ಪಡೆಯುವವರೂ ಅವರ ಗಂಡ ಅಥವಾ ಹೆಂಡತಿಯೂ ಸಾಕ್ಷಿಯಾಗುವುದು ಬೇಡ. ಕ್ರೈಸ್ತರು, ಪಾರ್ಸಿಗಳಲ್ಲಿ ಹಾಗೆ ಮಾಡಿದರೆ ಅವರಿಗೆ ಕೊಟ್ಟ ಭಾಗವೇ ಅನೂರ್ಜಿತ. ಹಿಂದೂಗಳಿಗೆ ಆ ನಿಯಮ ಇಲ್ಲದಿದ್ದರೂ ಅನುಮಾನಕ್ಕೆ ಎಡೆಯಾಗುತ್ತದೆ. ವಯಸ್ಸಾದವರು, ಕಾಯಿಲೆಯವರು ವಿಲ್ ಮಾಡುವಾಗ ಒಬ್ಬ ಸಾಕ್ಷಿ ಅವರನ್ನು ನೋಡುತ್ತಿರುವ ಡಾಕ್ಟರೇ ಆದರೆ ಒಳ್ಳೆಯದು.

ಪ್ರತಿ ಹಾಳೆಗೂ ಸಹಿ ಇರಲಿ, ‘4ರಲ್ಲಿ 1’ ಎಂಬಂತೆ ಪುಟಸಂಖ್ಯೆ ಇರಲಿ. ಸಹಿಯಾದ ಮೇಲೆ ವೈಟ್ನರ್ ಹಚ್ಚಿ ತಿದ್ದಿದ್ದಕ್ಕೆ ಬೆಲೆಯಿಲ್ಲ. ತಿದ್ದುಪಡಿಗೂ ಹಾಗೆಯೇ ಸಹಿ, ಇಬ್ಬರು ಸಾಕ್ಷಿ ಬೇಕು. ಹೊಸದಾಗಿ ಬರೆದು, ಹಿಂದಿನದೆಲ್ಲ ರದ್ದು ಎಂದು ಕಾಣಿಸುವುದೇ ಮೇಲು. ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆಯೇ ಸಾಕು.

ಇನ್ನು ಕಾಪಾಡುವುದು. ಸ್ಟೇಪ್ಲರ್ ಪಿನ್ ಬಿಚ್ಚಬೇಡಿ. ಹಳೇ ತೂತು ಕಂಡರೆ ಹಾಳೆ ಬದಲಾಗಿದೆ ಎಂಬ ವಾದ ಹುಟ್ಟುತ್ತದೆ. ಲ್ಯಾಮಿನೇಷನ್ ಕೂಡ ಬೇಡ. ನಿಮ್ಮೊಬ್ಬರ ಹೆಸರಿನ ಲಾಕರಿನಲ್ಲಿ ಮೂಲಪ್ರತಿ ಇಟ್ಟರೆ, ಅದನ್ನು ತೆಗೆಸಲು ನಾಮಿನಿ ಇಲ್ಲವೇ ವಾರಸುದಾರರು ಬ್ಯಾಂಕಿಗೆ ಅಲೆಯಬೇಕು. ನಿಮ್ಮಲ್ಲೇ ಇದ್ದ ಮೂಲಪ್ರತಿ ಕಡೆಗೆ ಸಿಗದೇ ಹೋದರೆ ನೀವೇ ಹರಿದುಹಾಕಿ ರದ್ದು ಮಾಡಿದಿರಿ ಎನ್ನುವವರು ಬರುತ್ತಾರೆ. 1908ರ ನೋಂದಣಿ ಕಾಯ್ದೆಯ 42ನೇ ಸೆಕ್ಷನ್‌ನಲ್ಲಿ ಬಹಳ ಜನ ಬಳಸದ ಒಂದು ದಾರಿಯಿದೆ: ವಿಲ್ಲನ್ನು ಮೊಹರು ಮಾಡಿದ ಲಕೋಟೆಯಲ್ಲಿಟ್ಟು, ಮೇಲೆ ನಿಮ್ಮ ಹೆಸರು ಮತ್ತು ಒಳಗಿರುವುದು ವಿಲ್ ಎಂದು ಬರೆದು, ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡಬಹುದು. ನಿಮ್ಮ ನಂತರ ಯಾರಾದರೂ ಅರ್ಜಿ ಕೊಟ್ಟರೆ ಅವರೆದುರೇ ತೆರೆದು ನೋಂದಣಿ ಪುಸ್ತಕಕ್ಕೆ ನಕಲು ಮಾಡುತ್ತಾರೆ. ಆದರೆ ಅರ್ಜಿ ಕೊಡಬೇಕೆಂದು ಯಾರಿಗಾದರೂ ಗೊತ್ತಿರಬೇಕಲ್ಲ! ಎಕ್ಸಿಕ್ಯೂಟರ್‌ಗೆ, ಅಂದರೆ ವಿಲ್ ಜಾರಿ ಮಾಡಲು ನೀವು ಅದರಲ್ಲಿ ಹೆಸರಿಸಿದವರಿಗೆ, ಠೇವಣಿ ರಸೀದಿಯ ನಕಲನ್ನು ಇವತ್ತೇ ಕೊಡಿ.