ನಂಜನಗೂಡು ಎಷ್ಟು ದೂರ?

ಸಹಕಾರ ಸಂಘಗಳ ಲೆಕ್ಕ ತಪಾಸಣೆಯಲ್ಲಿ ಮೂವತ್ತೊಂದು ವರ್ಷ ಕಳೆದವನಿಗೆ ನಿವೃತ್ತಿಯಾದ ಮಾರನೆಯ ದಿನದಿಂದಲೇ ತಪಾಸಣೆ ಮಾಡಲು ಏನಾದರೊಂದು ಬೇಕಾಗುತ್ತದೆ. ಅಡುಗೆಮನೆಯ ದಾಸ್ತಾನನ್ನು ಪರಿಶೀಲಿಸುವ ನನ್ನ ಪ್ರಸ್ತಾಪವನ್ನು ಹೆಂಡತಿ ಚರ್ಚೆಗೂ ಎತ್ತಿಕೊಳ್ಳದೆ ತಳ್ಳಿಹಾಕಿದ್ದರಿಂದ, ನಮ್ಮ ತಂದೆಯವರು ಬಿಟ್ಟುಹೋದ 1986ರ ಪ್ರೀಮಿಯರ್ ಪದ್ಮಿನಿ ಕಾರೇ ನನ್ನ ಅಧಿಕಾರ ವ್ಯಾಪ್ತಿಯಲ್ಲಿ ಉಳಿದ ಏಕೈಕ ಸಂಸ್ಥೆಯಾಯಿತು. ಮುಂಬಯಿಯ ಕುರ್ಲಾದಲ್ಲಿ ಫಿಯೆಟ್ 1100 ಎಂಬ ಹೆಸರಿನಿಂದ ತಯಾರಾಗಿ ಆಮೇಲೆ ಪದ್ಮಿನಿಯೆಂದು ನಾಮಕರಣಗೊಂಡ ಆ ವಂಶದ ಕಾರಿಗೆ 1089 ಸಿಸಿಯ ಎಂಜಿನ್ನು, ಸ್ಟಿಯರಿಂಗ್ ಪಕ್ಕದಲ್ಲೇ ಗೇರು, ಚಳಿಯ ಬೆಳಗಿನಲ್ಲಿ ಪೆಟ್ರೋಲಿನ ಪಾಲು ಹೆಚ್ಚಿಸಲು ಕೈಯಿಂದ ಎಳೆಯಬೇಕಾದ ಚೋಕು, ಎಲ್ಲಕ್ಕಿಂತ ಮಿಗಿಲಾಗಿ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸುವ ಒಂದು ಕಾರ್ಬುರೇಟರು ಇವೆ. ಒಳಗೆ ಎಲ್ಲಿಯೂ ಕಂಪ್ಯೂಟರ್ ಇಲ್ಲದ ಕಾರಣ ತನಗೇನಾಗಿದೆಯೆಂದು ಅದು ತಾನಾಗಿ ಹೇಳುವುದಿಲ್ಲ. ನಾವೇ ವಿಚಾರಣೆ ನಡೆಸಿ ಬಾಯಿ ಬಿಡಿಸಬೇಕು.

ಈ ಕಾರಿಗಾಗಿ ನಾನು ಒಂದು ಉದ್ದನೆಯ ರಿಜಿಸ್ಟರನ್ನು ಇಟ್ಟಿದ್ದೇನೆ. ಪೆಟ್ರೋಲಿನ ಮುಳ್ಳನ್ನು ನಂಬಿದವರು ಕೆಟ್ಟರು ಎಂಬುದು ನನಗೆ ತಿಳಿದಿದ್ದರಿಂದ, ಒಂದೇ ಬಂಕಿನಲ್ಲಿ ಟ್ಯಾಂಕನ್ನು ಬಾಯಿಯವರೆಗೆ ತುಂಬಿಸಿ, ಓಡಿಸಿ, ಮತ್ತೆ ಅಲ್ಲಿಯೇ ಬಾಯಿಯವರೆಗೆ ತುಂಬಿಸಿ, ಓಡಿದ ಕಿಲೋಮೀಟರನ್ನು ಹಿಡಿಸಿದ ಲೀಟರಿನಿಂದ ಭಾಗಿಸಿ, ಬಂದ ಸಂಖ್ಯೆಯನ್ನು ಕೆಂಪು ಶಾಯಿಯಲ್ಲಿ ಬರೆಯುವುದು ನನ್ನ ಕ್ರಮ. ಹಲವು ವರ್ಷ ಆ ಸಂಖ್ಯೆ 12ರ ಆಸುಪಾಸಿನಲ್ಲಿತ್ತು. ಕಳೆದ ಕಾರ್ತಿಕ ಮಾಸದಲ್ಲಿ ಅದು 9.4 ಆಯಿತು. ಲೀಟರಿಗೆ ನೂರು ರೂಪಾಯಿ ದಾಟಿದ ಪೆಟ್ರೋಲನ್ನು ಹೀಗೆ ಕುಡಿಯುವ ಕಾರಿನಲ್ಲಿ ಕುಳಿತು ಪ್ರತಿ ಹುಣ್ಣಿಮೆಗೆ ನಂಜುಂಡೇಶ್ವರನ ದರ್ಶನಕ್ಕೆ ಹೋಗುವುದು ನನಗೆ ಸ್ವಲ್ಪ ವಿಪರೀತವೆನಿಸತೊಡಗಿತು. ಆ ದೇವರು ಹಾಲಾಹಲವನ್ನಾದರೂ ಗಂಟಲಿನಲ್ಲೇ ತಡೆದು ನಿಲ್ಲಿಸಿದವನು. ಕಾರ್ಬುರೇಟರಿಗೂ ಒಂದು ಗಂಟಲಿದೆ. ಆದರೆ ನಮ್ಮದು ಏನನ್ನೂ ತಡೆಯುತ್ತಿರಲಿಲ್ಲ.

ಲೆಕ್ಕ ತಪಾಸಣೆಯವನಿಗೆ ಮೊದಲು ಬರುವ ಸಂಶಯ ಕಳ್ಳತನದ್ದು. ರಾತ್ರಿ ಕಾರು ನಿಲ್ಲುವುದು ಮನೆಯ ಮುಂದಿನ ಹೊಂಗೆ ಮರದ ಕೆಳಗೆ. ಯಾರೋ ಪೈಪು ಇಳಿಬಿಟ್ಟು ಪೆಟ್ರೋಲ್ ಎಳೆಯುತ್ತಿದ್ದಾರೆಂದು ತರ್ಕಿಸಿ, ಗೋದಾಮುಗಳಿಗೆ ಹಾಕುತ್ತಿದ್ದಂತೆ ಟ್ಯಾಂಕಿನ ಮುಚ್ಚಳಕ್ಕೂ ಅರಗಿನ ಮುದ್ರೆ ಹಾಕಲು ನಿರ್ಧರಿಸಿದೆ. ಒಂದು ಕೈಯಲ್ಲಿ ಅರಗಿನ ಕಡ್ಡಿಯನ್ನೂ ಇನ್ನೊಂದು ಕೈಯಲ್ಲಿ ಉರಿಯುವ ಮೇಣದ ಬತ್ತಿಯನ್ನೂ ಹಿಡಿದು, ಗಾಳಿಗೆ ಆರದಿರಲೆಂದು ಅಂಗೈ ಮರೆಮಾಡುತ್ತಾ ಪೆಟ್ರೋಲ್ ಟ್ಯಾಂಕಿನ ಕಡೆಗೆ ನಾನು ಎಚ್ಚರಿಕೆಯಿಂದ ಹೆಜ್ಜೆ ಹಾಕುತ್ತಿದ್ದುದನ್ನು ಹೆಂಡತಿ ಕಿಟಕಿಯಿಂದ ನೋಡಿದಳು. “ರೀ, ಅರಗಿನ ಮನೆ ಕಟ್ಟೋಕೆ ಹೊರಟಿದ್ದೀರಾ? ಸುರಂಗ ತೋಡಿದ್ದೀರಾ ಮೊದಲು?” ಎಂಬ ಆಕೆಯ ಕೂಗಿಗೆ ಬತ್ತಿ ತಾನಾಗಿ ಆರಿತು. ಕೊನೆಗೆ ಮುಚ್ಚಳಕ್ಕೆ ದಾರ ಸುತ್ತಿ, ಸಹಿ ಮಾಡಿದ ಕಾಗದದ ಚೀಟಿಯನ್ನು ಅಂಟಿಸಿದೆ. ಹದಿನೈದು ದಿನ ಚೀಟಿಯನ್ನು ಯಾರೂ ಮುಟ್ಟಲಿಲ್ಲ, ಸರಾಸರಿಯೂ ಏರಲಿಲ್ಲ.

ಭಾವಮೈದನದು ಬೇರೆ ವಾದ. “ಭಾವ, ಇದೆಲ್ಲ ಎಥನಾಲ್ ಮಹಿಮೆ” ಎಂದ. ಪೆಟ್ರೋಲಿನಲ್ಲಿ ಈಗ ನೂರಕ್ಕೆ 20ರಷ್ಟು ಎಥನಾಲ್ ಬೆರೆಸುತ್ತಿರುವುದೂ, ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿನ ಸುಮಾರು ಮೂರನೆಯ ಎರಡು ಭಾಗದಷ್ಟು ಮಾತ್ರ ಶಕ್ತಿ ಇರುವುದೂ ನಿಜ. ಆದರೆ ಲೆಕ್ಕ ಹಾಕಿದರೆ ನಷ್ಟ ನೂರಕ್ಕೆ ಆರೇಳರಷ್ಟು. ಹನ್ನೆರಡು ಹನ್ನೊಂದೂಕಾಲಿಗೆ ಇಳಿಯಬಹುದೇ ಹೊರತು ಒಂಬತ್ತೂವರೆಗೆ ಬರಲಾರದು. ಈ ವಾದವನ್ನು ಭಾಗಶಃ ಅಂಗೀಕರಿಸಿ ಕಾರನ್ನು ಮೈಸೂರಿನ ಮಂಡಿ ಮೊಹಲ್ಲಾದಲ್ಲಿರುವ ನಮ್ಮ ಸಾಹೇಬರ ಗ್ಯಾರೇಜಿಗೆ ಒಯ್ದೆ.

ಸಾಹೇಬರು ಮಿತಭಾಷಿ. “ಪೆಟ್ರೋಲ್ ಜಾಸ್ತಿ ಕುಡಿಯೋಕೆ ಹತ್ತು ಕಾರಣ ಇರುತ್ತೆ ಸಾರ್, ಒಂದೊಂದಾಗಿ ನೋಡೋಣ” ಎಂದು ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿ ಸಾಲಾಗಿ ಇಟ್ಟರು. ಸರಿಯಾಗಿ ಉರಿಯುವ ಎಂಜಿನ್ನಿನ ಪ್ಲಗ್ಗಿನ ತುದಿ ಹಾಲು ಹದವಾಗಿ ಬೆರೆತ ಕಾಫಿಯ ಬಣ್ಣಕ್ಕಿರಬೇಕಂತೆ. ನಮ್ಮವು ಸೀಮೆಎಣ್ಣೆ ಬುಡ್ಡಿಯ ಗಾಜಿನಂತೆ ಮಸಿ ಹಿಡಿದಿದ್ದವು. ಗಾಳಿ ಕಡಿಮೆಯಾಗಿ ಪೆಟ್ರೋಲ್ ಹೆಚ್ಚಾಗಿದೆ ಎಂದು ಅದರ ಅರ್ಥ. ಧೂಳಿನಿಂದ ಕಂಬಳಿಯಂತಾಗಿದ್ದ ಏರ್ ಫಿಲ್ಟರನ್ನು ಬದಲಿಸಿ, ಪ್ಲಗ್ಗುಗಳ ಸಂದನ್ನು ಹ್ಯಾಕ್ಸಾ ಬ್ಲೇಡಿನ ದಪ್ಪಕ್ಕೆ ಹೊಂದಿಸಿ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳನ್ನು ಉಜ್ಜಿ ಕೊಟ್ಟರು. ಬ್ಲೇಡಿನಿಂದ ಅಳೆಯುವುದನ್ನು ಕಂಡು ನಾನು ಹುಬ್ಬೇರಿಸಿದೆ. ಮನೆಗೆ ಬಂದು ಅಳೆದು ನೋಡಿದಾಗ ಬ್ಲೇಡಿನ ದಪ್ಪ 0.6 ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚಿದ್ದು, ಪ್ಲಗ್ಗಿಗೆ ಬೇಕಾದುದೂ ಅಷ್ಟೇ ಎಂದು ತಿಳಿದು ಹುಬ್ಬನ್ನು ಇಳಿಸಿದೆ. ಮಾರ್ಗಶಿರದ ಸರಾಸರಿ 9.6. ಇಷ್ಟು ಕೆಲಸಕ್ಕೆ ಇಷ್ಟೇ ಫಲವೇ ಎಂದು ರಿಜಿಸ್ಟರಿನ ಷರಾ ಕಲಮಿನಲ್ಲಿ ಅತೃಪ್ತಿಯನ್ನು ದಾಖಲಿಸಿದೆ.

ಪುಷ್ಯದಲ್ಲಿ ಕಾರ್ಬುರೇಟರನ್ನೇ ಬಿಚ್ಚಿದರು. ಅದರೊಳಗಿನ ಫ್ಲೋಟು ನಮ್ಮ ಮನೆಯ ಮೇಲಿನ ನೀರಿನ ತೊಟ್ಟಿಯ ಚೆಂಡಿನ ನಲ್ಲಿಯಂತೆಯೇ ಕೆಲಸ ಮಾಡುತ್ತದೆಂದು ನನಗೆ ಅಂದು ತಿಳಿಯಿತು. ಪೆಟ್ರೋಲ್ ತುಂಬಿದಾಗ ಫ್ಲೋಟು ಮೇಲೇರಿ ಸೂಜಿಯೊಂದನ್ನು ಒತ್ತಿ ದಾರಿ ಮುಚ್ಚಬೇಕು. ಸೂಜಿ ಸವೆದರೆ ದಾರಿ ಪೂರ್ತಿ ಮುಚ್ಚದೆ, ಪೆಟ್ರೋಲಿನ ಮಟ್ಟ ಏರಿ, ಎಂಜಿನ್ನು ಕೇಳಿದ್ದಕ್ಕಿಂತ ಹೆಚ್ಚನ್ನೇ ಪಡೆಯುತ್ತದೆ. ನಮ್ಮ ಸೂಜಿ ಸವೆದಿತ್ತು. ಅದು ಸಾಲದೆಂಬಂತೆ, ಹಿಂದೆ ಯಾವನೋ ಪುಣ್ಯಾತ್ಮ ಪೆಟ್ರೋಲ್ ಹಾಯುವ ಹಿತ್ತಾಳೆಯ ಜೆಟ್ಟಿನಲ್ಲಿ ಕಸ ಕಟ್ಟಿದಾಗ ಗಾಳಿ ಊದುವ ಬದಲು ಉಕ್ಕಿನ ತಂತಿ ತೂರಿಸಿ ರಂಧ್ರವನ್ನು ದೊಡ್ಡದು ಮಾಡಿದ್ದ. ಸಾಹೇಬರು ಎರಡನ್ನೂ ಬದಲಿಸಿ, ಪೂರ್ತಿ ಹಿಂದಕ್ಕೆ ಹೋಗದೆ ಅರ್ಧದಲ್ಲೇ ನಿಲ್ಲುತ್ತಿದ್ದ ಚೋಕಿನ ತಂತಿಗೂ ಎಣ್ಣೆ ಬಿಟ್ಟರು. ಈ ಸಲ ಹತ್ತು ದಾಟುವುದು ಖಚಿತವೆಂದು ನಾನು ಮುಂಗಡವಾಗಿ ದೇವರಿಗೆ ತೆಂಗಿನಕಾಯಿ ಒಡೆಸಿ ಬಂದು ಭಾಗಾಕಾರ ಮಾಡಿದರೆ, ಬಂದದ್ದು 9.5.

ಮಾಘದಲ್ಲಿ ಬ್ರೇಕಿನ ಸರದಿ. ಕಾರು ಓಡಿ ನಿಂತ ಮೇಲೆ ಚಕ್ರದ ಡ್ರಮ್ಮುಗಳನ್ನು ಮುಟ್ಟಿ ನೋಡಬೇಕು, ಯಾವುದು ಉಳಿದವಕ್ಕಿಂತ ಹೆಚ್ಚು ಬಿಸಿಯಾಗಿದೆಯೋ ಅಲ್ಲಿ ಬ್ರೇಕು ಹಿಡಿದುಕೊಂಡಿದೆ ಎಂದರ್ಥ ಎಂದು ಸಾಹೇಬರು ಹೇಳಿಕೊಟ್ಟಿದ್ದರು. ಹಿಂದಿನ ಬಲಗಡೆಯದು ಎಂಬುದನ್ನು ಕಂಡುಹಿಡಿದ ಕೀರ್ತಿ ನನ್ನ ಬಲಗೈಯ ಎರಡು ಬೆರಳುಗಳಿಗೆ ಸಲ್ಲುತ್ತದೆ. ಆ ವಾರ ರಿಜಿಸ್ಟರನ್ನು ಎಡಗೈಯಲ್ಲಿ ಬರೆದೆ. ಬ್ರೇಕು ಸರಿಪಡಿಸಿದ ಮೇಲೆ 9.3. ಫಾಲ್ಗುಣದಲ್ಲಿ ಸಾಹೇಬರು ರೇಡಿಯೇಟರಿಗೆ ಹೋಗುವ ಪೈಪನ್ನು ಬಿಚ್ಚಿ, ಥರ್ಮೋಸ್ಟಾಟ್ ಇರಬೇಕಾದ ಸ್ಥಳದಲ್ಲಿ ಏನೂ ಇಲ್ಲದಿರುವುದನ್ನು ತೋರಿಸಿದರು. ಹೀಟ್ ಆಗುತ್ತದೆಂದು ಎಷ್ಟೋ ವರ್ಷಗಳ ಹಿಂದೆ ಯಾರೋ ತೆಗೆದುಹಾಕಿದ್ದಾರೆ. ಅದಿಲ್ಲದೆ ಎಂಜಿನ್ನು ಹದವಾಗಿ ಬಿಸಿಯೇರದು, ಬಿಸಿಯೇರದಿದ್ದರೆ ಪೆಟ್ರೋಲ್ ಚೆನ್ನಾಗಿ ಆವಿಯಾಗದು. ಜ್ವರ ಬರುತ್ತದೆಂದು ಥರ್ಮಾಮೀಟರನ್ನು ಎಸೆಯುವ ಜನ ನಮ್ಮಲ್ಲಿ ಇದ್ದೇ ಇದ್ದಾರೆ. ಹೊಸದನ್ನು ಹಾಕಿಸಿದೆ. ಫಲಿತಾಂಶ 8.9.

ಇದಾದ ಮೇಲೆ ನನ್ನ ತಾಳ್ಮೆ ಮುಗಿಯಿತು. ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಗ್ಯಾರೇಜಿಗೆ ಹೋಗಿ, ಐದು ತಿಂಗಳಿನಿಂದ ನಾನು ಹಣ ಕೊಟ್ಟಂತೆಲ್ಲ ಸರಾಸರಿ ಇಳಿಯುತ್ತಿರುವುದನ್ನು, ಸಂಘದ ಕಾರ್ಯದರ್ಶಿಗಳನ್ನು ನಿಲ್ಲಿಸಿಕೊಂಡು ಕೇಳುತ್ತಿದ್ದ ಅದೇ ಧ್ವನಿಯಲ್ಲಿ ಕೇಳಿದೆ. ಸಾಹೇಬರು ಹತ್ತಿಯ ವೇಸ್ಟಿನಲ್ಲಿ ಕೈ ಒರೆಸಿಕೊಳ್ಳುತ್ತಾ, “ನಾನು ಓದಿದ್ರೆ ನಿಮ್ಮ ಅಕ್ಷರ ಅರ್ಥ ಆಗಲ್ಲ ಸಾರ್, ನೀವೇ ಓದಿ” ಎಂದರು. ನಾನು ಗಟ್ಟಿಯಾಗಿ ಓದಿದೆ. “ಕಾರ್ತಿಕ ಹುಣ್ಣಿಮೆ, ಮನೆಯಿಂದ ನಂಜನಗೂಡು, 23 ಕಿಲೋಮೀಟರ್. ಮಾರ್ಗಶಿರ ಹುಣ್ಣಿಮೆ, ಮನೆಯಿಂದ ನಂಜನಗೂಡು, 22. ಪುಷ್ಯ ಹುಣ್ಣಿಮೆ, ಮನೆಯಿಂದ ನಂಜನಗೂಡು, 21. ಮಾಘ ಹುಣ್ಣಿಮೆ, 20. ಫಾಲ್ಗುಣ…”

“ಸಾರ್,” ಎಂದರು ಸಾಹೇಬರು ಬಹಳ ವಿನಯದಿಂದ, “ನಂಜನಗೂಡು ಮೈಸೂರಿಗೆ ಹತ್ತಿರ ಬರ್ತಾ ಇದೆಯಾ?”

ಫಾಲ್ಗುಣದ ಸಾಲಿನಲ್ಲಿ ನನ್ನದೇ ಕೈಬರಹದಲ್ಲಿ 18 ಎಂದಿತ್ತು. ಯಾವುದೇ ಸಂಘದ ನ್ಯಾಯಬೆಲೆ ಅಂಗಡಿಗೆ ಹೋದರೂ ಅಕ್ಕಿಯ ಚೀಲ ಮುಟ್ಟುವ ಮೊದಲು ತೂಕದ ಬಟ್ಟುಗಳಿಗೆ ಮುದ್ರೆ ಬಿದ್ದಿದೆಯೇ ಎಂದು ನೋಡುತ್ತಿದ್ದವನು ನಾನು. ಭಾಗಾಕಾರದ ಕೆಳಗಿದ್ದ ಲೀಟರಿನ ಬೆನ್ನು ಹತ್ತಿ ಪ್ಲಗ್ಗು, ಜೆಟ್ಟು, ಬ್ರೇಕುಗಳನ್ನೆಲ್ಲ ವಿಚಾರಣೆಗೆ ಒಳಪಡಿಸಿದವನಿಗೆ ಮೇಲಿದ್ದ ಕಿಲೋಮೀಟರಿನ ಮೇಲೆ ಸಂಶಯವೇ ಬಂದಿರಲಿಲ್ಲ. ಗೇರ್ ಬಾಕ್ಸಿನಿಂದ, ದೂರವನ್ನೂ ವೇಗವನ್ನೂ ತೋರಿಸುವ ಮೀಟರಿಗೆ ಬರುವ ಕೇಬಲ್ಲನ್ನು ಸಾಹೇಬರು ಎಳೆದು ತೋರಿಸಿದರು. ಒಳಗಿನ ತಂತಿಯ ಚೌಕನೆಯ ತುದಿ ಸವೆದು ದುಂಡಗಾಗಿ, ಮೀಟರಿನ ಕಿಂಡಿಯಲ್ಲಿ ಒಮ್ಮೆ ಹಿಡಿದು ಒಮ್ಮೆ ಜಾರುತ್ತಾ, ನಾಲ್ಕು ಸುತ್ತಿಗೆ ಮೂರನ್ನೇ ಲೆಕ್ಕಕ್ಕೆ ಕೊಡುತ್ತಿತ್ತು. ತಿಂಗಳು ತಿಂಗಳು ಜಾರುವುದು ಹೆಚ್ಚಾದದ್ದರಿಂದ, ಸಾಹೇಬರು ಕಾರನ್ನು ಎಷ್ಟು ಸರಿಪಡಿಸಿದರೋ ಅದಕ್ಕಿಂತ ಸ್ವಲ್ಪ ಹೆಚ್ಚಾಗಿ ಮೀಟರು ಕಳ್ಳಲೆಕ್ಕ ಬರೆದಿತ್ತು.

ಹೊಸ ಕೇಬಲ್ ಹಾಕಿದ ಮೇಲೆ ನಂಜನಗೂಡು ತನ್ನ ಹಳೆಯ ಜಾಗಕ್ಕೆ, ಅಂದರೆ ನಮ್ಮ ಮನೆಯಿಂದ 25 ಕಿಲೋಮೀಟರಿಗೆ, ಹಿಂದಿರುಗಿತು. ಅದನ್ನೇ ಅಳತೆಗೋಲಾಗಿ ಹಿಡಿದು ಅಂದು ರಾತ್ರಿ ಹಳೆಯ ನಮೂದುಗಳನ್ನೆಲ್ಲ ತಿದ್ದಿದೆ. ಕಾರ್ತಿಕದ 9.4 ನಿಜವಾಗಿ 10.2; ಫಿಲ್ಟರು, ಪ್ಲಗ್ಗುಗಳ ನಂತರ 10.9, ಕಾರ್ಬುರೇಟರಿನ ನಂತರ 11.3, ಬ್ರೇಕಿನ ನಂತರ 11.6, ನಾನು ಜಗಳಕ್ಕೆ ಹೋದ ಫಾಲ್ಗುಣದಲ್ಲಿ 12.4. ಸಾಹೇಬರ ಒಂದು ಕೆಲಸವೂ ವ್ಯರ್ಥವಾಗಿರಲಿಲ್ಲ. ಷರಾ ಕಲಮಿನಲ್ಲಿದ್ದ ಐದು ಅತೃಪ್ತಿಗಳನ್ನೂ ಹೊಡೆದುಹಾಕಿ, ಪ್ರತಿಯೊಂದರ ಪಕ್ಕದಲ್ಲಿ ಕಿರುಸಹಿ ಮಾಡಿ, ಮಾರನೆಯ ದಿನ ಒಂದು ಕಿಲೋ ಮೈಸೂರು ಪಾಕಿನೊಂದಿಗೆ ಗ್ಯಾರೇಜಿಗೆ ಹೋಗಿ ಬಂದೆ. ಅವರು ಪೊಟ್ಟಣವನ್ನು ಕೈಯಲ್ಲಿ ತೂಗಿ ನೋಡಿ, “ಒಂದು ಕಿಲೋನೇ ಇದೆಯಾ ಸಾರ್?” ಎಂದರು.

ಚೈತ್ರದ ಹುಣ್ಣಿಮೆಗೆ ಮತ್ತೆ ಹೊರಟೆವು. ಈ ರಸ್ತೆಯಲ್ಲಿ ಹೆಂಡತಿ ಪ್ರತಿ ಸಲವೂ “ಸ್ವಲ್ಪ ನಿಧಾನ ಹೋಗಿ” ಎನ್ನುತ್ತಿದ್ದುದೂ, ನಾನು ಪ್ರತಿ ಸಲವೂ ಮಾತನಾಡದೆ ನಲವತ್ತೈದರ ಆಚೀಚೆ ಕುಣಿಯುತ್ತಿದ್ದ ಮುಳ್ಳಿನ ಕಡೆಗೆ ಬೆರಳು ತೋರಿಸುತ್ತಿದ್ದುದೂ ನಮ್ಮ ದಾಂಪತ್ಯದ ಹಳೆಯ ವಾಡಿಕೆ. ಈಗ ಮುಳ್ಳು ಕುಣಿಯುವುದನ್ನು ಬಿಟ್ಟು ಅರವತ್ತರ ಮೇಲೆ ಕದಲದೆ ನಿಂತಿತ್ತು. ಆಕೆ ಬಗ್ಗಿ ಅದನ್ನು ನೋಡಿದಳು. ಹೊರಗೆ ಹಿಂದಕ್ಕೆ ಓಡುತ್ತಿದ್ದ ಮರಗಳನ್ನು ನೋಡಿದಳು. ಮತ್ತೆ ಮುಳ್ಳನ್ನು ನೋಡಿದಳು.

“ರೀ, ಮೊದಲೂ ಇಷ್ಟೇ ಜೋರಾಗಿ ಹೋಗ್ತಿದ್ರಿ, ಅಲ್ವಾ?” ಎಂದಳು.

ನಾನು ಕಾಲನ್ನು ಸ್ವಲ್ಪ ಮೇಲೆತ್ತಿದೆ. ಬೆರಳು ತೋರಿಸಲಿಲ್ಲ.