ಹೆಬ್ಬೆರಳಿನ ಗಿಟಾರು

ಬೆಳಗಾವಿಯ ಉದ್ಯಮಬಾಗದಲ್ಲಿ ಎರಡನೇ ಶಿಫ್ಟ್ ಮುಗಿಸಿ ಮನೆ ಸೇರಿದರೆ ರಾತ್ರಿ ಹನ್ನೊಂದೂವರೆ. ಕಿವಿಯಲ್ಲಿ ಇನ್ನೂ ಗ್ರೈಂಡಿಂಗ್ ಸದ್ದು. ಆಗ ನಾನು ಹಚ್ಚುವುದು ಅಮೆರಿಕದ ಜಾಝ್ ಗಿಟಾರ್ ವಾದಕ ವೆಸ್ ಮಾಂಟ್ಗೊಮರಿಯ 1960ರ ಆಲ್ಬಮ್ 'ದಿ ಇನ್‌ಕ್ರೆಡಿಬಲ್ ಜಾಝ್ ಗಿಟಾರ್'. ನಾಲ್ಕೇ ಜನ. ಗಿಟಾರ್ ವೆಸ್, ಪಿಯಾನೊ ಟಾಮಿ ಫ್ಲಾನಗನ್, ಬೇಸ್ ಪರ್ಸಿ ಹೀತ್, ಡ್ರಮ್ಸ್ ಪರ್ಸಿಯ ತಮ್ಮ ಆಲ್ಬರ್ಟ್.

ಮೊನ್ನೆ ಕ್ಯಾಂಟೀನಿನಲ್ಲಿ ಗೆಳೆಯನಿಗೆ ಕೇಳಿಸಿದೆ. ಎರಡು ನಿಮಿಷ ಸುಮ್ನೆ ಕೂತ. ಆಮೇಲೆ, "ಹಾಡು ಯಾವಾಗ ಚಾಲೂ ಆಗ್ತೈತಲೇ ದೋಸ್ತ?" ಅಂದ. ಇನ್ನೊಬ್ಬ, "ಇದು ಕೋಟು ಹಾಕ್ಕೊಂಡವರ ಸಂಗೀತ ಬಿಡೋ" ಅಂದುಬಿಟ್ಟ.

ಇದನ್ನು ಮಾತ್ರ ನಾನು ಒಪ್ಪಲ್ಲ. ಇದು ಶಿಫ್ಟ್ ಮಾಡುವವನ ಸಂಗೀತ. ಇಂಡಿಯಾನಾಪೊಲಿಸ್‌ನಲ್ಲಿ ಈ ಮನುಷ್ಯನಿಗೆ ಹಗಲು ಕಾರ್ಖಾನೆ, ರಾತ್ರಿ ಒಂದು ಬಾರು, ಅದು ಮುಚ್ಚಿದ ಮೇಲೆ ಬೆಳಗಿನ ಜಾವದವರೆಗೆ ಇನ್ನೊಂದು. ನೊಟೇಶನ್ ಓದಲು ಬರುತ್ತಿರಲಿಲ್ಲ. ಹಿಂದಿನ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್‌ನ ರೆಕಾರ್ಡು ಕೇಳಿ ಕೇಳಿ ಕಲಿತದ್ದು. ತಂತಿ ಮೀಟುವ ಚಿಕ್ಕ ಬಿಲ್ಲೆ, ಪಿಕ್, ಹಿಡಿದರೆ ಸದ್ದು ಜಾಸ್ತಿ, ನೆರೆಮನೆಯವರ ತಕರಾರು. ಹಾಗಾಗಿ ಹೆಬ್ಬೆರಳಿನಿಂದಲೇ ಮೀಟತೊಡಗಿದ. ಕೊನೆಯವರೆಗೂ ಅವನ ಕೈಗುಣ ಹೆಬ್ಬೆರಳಿನದೇ. ಆ ಮೆತ್ತನೆಯ ನಾದ ಬಂದದ್ದು ಹಾಗೆ.

ಈ ಆಲ್ಬಮ್ಮಿನ ಐದನೇ ಹಾಡು 'ವೆಸ್ಟ್ ಕೋಸ್ಟ್ ಬ್ಲೂಸ್' ಕೇಳಿ. ಮೂರರ ನಡೆ. ದಾದರಾ ಕೇಳಿ ಬೆಳೆದವರಿಗೆ ಕಾಲು ತಾನೇ ಆಡುತ್ತದೆ. ಮೊದಲು ಒಂದೊಂದೇ ಸ್ವರ, ಸಲೀಸಾಗಿ. ಆಮೇಲೆ ಅದೇ ಸ್ವರ ಎರಡು ಸಪ್ತಕದಲ್ಲಿ ಒಟ್ಟಿಗೆ, ಮಂದ್ರದ ಸಾ ಜೊತೆಗೇ ಮಧ್ಯದ ಸಾ ಹಿಡಿದ ಹಾಗೆ. ಕೊನೆಗೆ ಇಡೀ ಕಾರ್ಡುಗಳು, ಅಂದರೆ ಹಲವು ಸ್ವರ ಒಟ್ಟೊಟ್ಟಿಗೆ. ಬೆರಳಿಗೆ ಕಷ್ಟ ಏರುತ್ತಲೇ ಹೋಗುತ್ತದೆ, ನಮಗೆ ಗೊತ್ತೇ ಆಗಲ್ಲ.

ನಮ್ಮ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ಇವನಿಗಿಂತ ಒಂದೇ ವರ್ಷ ಚಿಕ್ಕವರು, 1924. ಕ್ಷಯ ಒಂದು ಶ್ವಾಸಕೋಶ ತಿಂದ ಮೇಲೆ ಚಿಕ್ಕ ಚಿಕ್ಕ ತಾನುಗಳಲ್ಲೇ ಹೊಸ ಗಾಯನ ಕಟ್ಟಿದವರು. ಅವರಿಗೆ ಉಸಿರು ಕಮ್ಮಿ, ಇವನಿಗೆ ಬೆರಳು ಒಂದೇ. ಇಬ್ಬರನ್ನೂ ಬೆನ್ನಿಗೆ ಬೆನ್ನು ಕೇಳುವ ಚಟ ನನಗೆ.

ಆಮೇಲೆ ವೆಸ್ ದೊಡ್ಡ ವಾದ್ಯವೃಂದಗಳ ಜೊತೆ ನುಡಿಸಿ ಹೆಸರು, ಗ್ರ್ಯಾಮಿ ಎಲ್ಲಾ ಪಡೆದ. ಅವು ನನಗೆ ಕುಂದಾಕ್ಕೆ ಮತ್ತೆ ಸಕ್ಕರೆ ಉದುರಿಸಿದ ಹಾಗೆ. 1968ರಲ್ಲಿ, 45ಕ್ಕೇ, ಹೃದಯಾಘಾತದಿಂದ ತೀರಿಹೋದ.

ಹೊಸದಾಗಿ ಕೇಳುವವರು ಐದನೇ ಹಾಡಿನಿಂದ ಶುರು ಮಾಡಿ. ಫೋನಿನ ಸ್ಪೀಕರಿನಲ್ಲಿ ಮಾತ್ರ ಬೇಡ, ಬೇಸ್ ಕೇಳಿಸುವುದೇ ಇಲ್ಲ. ಕ್ಯಾಂಟೀನಿನಲ್ಲಿ ನಾನು ಮಾಡಿದ ತಪ್ಪು ಅದೇ.