ಲೆಕ್ಕದ ಪುಸ್ತಕಕ್ಕೆ ಸೇರದ ಜೇನು

ದಕ್ಷಿಣ ಲಂಡನ್ನಿನ ನಮ್ಮ ಬೀದಿಯ ತಿರುವಿನಲ್ಲಿರುವ ಮಹೋನಿಯಾ ಗಿಡವು ಡಿಸೆಂಬರಿನಲ್ಲಿ, ಸುತ್ತಲಿನ ಮರಗಳೆಲ್ಲ ಬೋಳಾದ ಮೇಲೆ, ಹಳದಿ ಹೂಗೊಂಚಲು ಬಿಡುತ್ತದೆ. ಎರಡು ವರ್ಷಗಳ ಹಿಂದೆ ಜನವರಿಯ ಒಂದು ಮಧ್ಯಾಹ್ನ, ಹುಲ್ಲಿನ ಮೇಲೆ ಹೆಪ್ಪುಗಟ್ಟಿದ ಇಬ್ಬನಿ ಇನ್ನೂ ಕರಗದಿದ್ದಾಗ, ಆ ಗೊಂಚಲಿನಲ್ಲಿ ಜೇನ್ನೊಣದ ನೆಂಟ ಬಂಬಲ್‌ಬೀ ಒಂದು ಗುಂಯ್‌ಗುಡುತ್ತಿತ್ತು. ನಮ್ಮ ಶಿರಸಿಯ ಕಡೆ ದುಂಬಿಯೆಂದರೆ ಒಣ ಬಿದಿರನ್ನೂ ಅಟ್ಟದ ಜಂತಿಯನ್ನೂ ಕೊರೆಯುವ ಕಪ್ಪು ಹುಳು. ಮೈತುಂಬ ರೋಮವಿರುವ ಬಂಬಲ್‌ಬೀ ಬಳಗವೇ ಬೇರೆ; ಅದು ಭಾರತದಲ್ಲಿ ಹಿಮಾಲಯದ ಕಡೆ ಇದೆಯೇ ಹೊರತು ನಮ್ಮ ಘಟ್ಟದಲ್ಲಿಲ್ಲ.

ಬ್ರಿಟನ್ನಿನಲ್ಲಿ ಇದರ ಗೂಡುಗಳು ಸಾಮಾನ್ಯವಾಗಿ ಚಳಿಗೆ ಮೊದಲೇ ಅಳಿದು, ಹೊಸ ರಾಣಿಗಳು ಮಾತ್ರ ಮಣ್ಣಿನಲ್ಲಿ ಹುದುಗಿ ವಸಂತಕ್ಕಾಗಿ ಕಾಯುತ್ತವೆ. ಆದರೆ 1990ರ ದಶಕದಿಂದೀಚೆಗೆ ದಕ್ಷಿಣ ಇಂಗ್ಲೆಂಡಿನ ಪಟ್ಟಣಗಳಲ್ಲಿ ಬಾಂಬಸ್ ಟೆರೆಸ್ಟ್ರಿಸ್ ಎಂಬ ಪ್ರಭೇದವು ಉದ್ಯಾನಗಳ ಚಳಿಗಾಲದ ಹೂಗಳನ್ನು ನೆಚ್ಚಿಕೊಂಡು, ಹಾರಾಟದ ಸ್ನಾಯುಗಳನ್ನು ನಡುಗಿಸಿ ಎದೆಯ ಭಾಗವನ್ನು 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಿಕೊಂಡು, ಚಳಿಯಲ್ಲೂ ಸಂಸಾರ ನಡೆಸುತ್ತಿರುವುದು ಕಂಡುಬಂದಿದೆ. ಇದನ್ನು ಬೆಳಕಿಗೆ ತಂದದ್ದರಲ್ಲಿ, ಹಿತ್ತಲಿನಲ್ಲಿ ನಿಂತು ಏನು, ಎಲ್ಲಿ, ಯಾವಾಗ, ನೋಡಿದವರು ಯಾರು ಎಂಬ ನಾಲ್ಕೇ ಸಂಗತಿಗಳನ್ನು ಬರೆದು ಕಳಿಸಿದ ಸಾಮಾನ್ಯರ ಪಾಲು ದೊಡ್ಡದು.

ಇಂಥ ದಾಖಲೆಗಳನ್ನು ಕೂಡಿಸುವವರಿಗೆ ನಾನೂ ಉತ್ಸಾಹದಿಂದ ಫೋಟೊ ಸಮೇತ ಕಳಿಸಿದೆ. ಪರಿಶೀಲಿಸಿದವರು ರಾಣಿಯೋ ಕೆಲಸಗಾರ ನೊಣವೋ, ಹಿಂಗಾಲಿನಲ್ಲಿ ಪರಾಗವಿತ್ತೇ ಎಂದು ಕೇಳಿದರು. ಬಿಸಿಲು ಕಂಡು ಎದ್ದ ರಾಣಿಯಾದರೆ ಮಕರಂದ ಹೀರಿ ಮತ್ತೆ ಮಲಗಬಹುದು. ಪರಾಗ ಹೊತ್ತಿದ್ದರೆ ಎಲ್ಲೋ ಗೂಡಿನಲ್ಲಿ ಮರಿಹುಳುಗಳಿವೆ ಎಂದರ್ಥ. ನನ್ನ ಫೋಟೊದಲ್ಲಿ ಬೆನ್ನು ಮಾತ್ರವಿತ್ತು. ರಾತ್ರಿ ಊರಿಗೆ ಫೋನ್ ಮಾಡಿದಾಗ ದೊಡ್ಡಪ್ಪನೂ, "ತಮಾ, ಕಾಲಲ್ಲಿದ್ದ ಪರಾಗ ಯಾವ ಬಣ್ಣ?" ಎಂದೇ ಕೇಳಿದರು.

ತುಡುವೆ ಜೇನನ್ನು ಪೆಟ್ಟಿಗೆಯಲ್ಲಿ ಸಾಕುವ ದೊಡ್ಡಪ್ಪ ಪೆಟ್ಟಿಗೆಗೆ ಮರಳುವ ನೊಣದ ಕಾಲು ನೋಡಿ ಕಾಡಿನಲ್ಲಿ ಯಾವ ಹೂವು ಬಿಟ್ಟಿದೆಯೆಂದು ಹೇಳಬಲ್ಲರು. ಅಡಿಕೆಯ ತೂಕ ಅವರ ಲೆಕ್ಕದ ಪುಸ್ತಕದಲ್ಲಿ ತಾರೀಖಿನ ಸಮೇತ ಇರುತ್ತದೆ. ಜೇನು ಕುಟುಂಬ ಒಡೆದು ಪಾಲಾದ ದಿನ ಮಾತ್ರ ಇರುವುದಿಲ್ಲ. ನಮ್ಮವರಿಗೆ ದಾಖಲಿಸುವ ಅಭ್ಯಾಸವಿಲ್ಲ ಎಂಬ ದೂರನ್ನು ನಾನು ಒಪ್ಪುವುದಿಲ್ಲ. ಜೇನನ್ನು ಲೆಕ್ಕಕ್ಕೆ ಸೇರುವ ವಸ್ತುವೆಂದು ಎಣಿಸಲಿಲ್ಲ, ಅಷ್ಟೆ.

ಇಲ್ಲಿಯ ಪದ್ಧತಿಯಲ್ಲೂ ಕೊರತೆಯಿದೆ. ಒಂದೇ ದಾರಿಯಲ್ಲಿ ತಿಂಗಳಿಗೊಮ್ಮೆ ನಡೆದು ಬಂಬಲ್‌ಬೀಗಳನ್ನು ಎಣಿಸುವ ಬೀವಾಕ್ ಸಮೀಕ್ಷೆ ಮಾರ್ಚ್‌ನಿಂದ ಅಕ್ಟೋಬರ್‌ವರೆಗಿನದು. ಚಳಿಗಾಲದ ದಾಖಲೆಗಳಲ್ಲಿ ಹೆಚ್ಚಿನವು ದಾರಿಹೋಕರ ಕಣ್ಣಿಗೆ ಆಕಸ್ಮಿಕವಾಗಿ ಬಿದ್ದವು. ಕಾಣದ ದಿನವನ್ನು ಬರೆಯುವವರು ಕಡಿಮೆ. ದೊಡ್ಡಪ್ಪನಾದರೋ ಏನಿರಲಿ, ಇಲ್ಲದಿರಲಿ, ಬೆಳಿಗ್ಗೆ ಪೆಟ್ಟಿಗೆಯ ಮುಂದೆ ನಿಲ್ಲುವುದನ್ನು ತಪ್ಪಿಸುವುದಿಲ್ಲ.

ಈಗ ಕೆಲಸಕ್ಕೆ ಹೋಗುವಾಗ ಆ ಗಿಡದ ಬಳಿ ನಿಂತು, ಹಿಂಗಾಲಿಗೊಂದು ಪ್ರತ್ಯೇಕ ಅಂಕಣವಿರುವ ಪುಸ್ತಕದಲ್ಲಿ ಬರೆಯುತ್ತೇನೆ. ಮೊನ್ನೆಯ ಸಾಲು: "8 ಡಿಗ್ರಿ, ಕೆಲಸಗಾರ ನೊಣ 1, ಪರಾಗ ಹಳದಿ." ನಿನ್ನೆಯದು: "3 ಡಿಗ್ರಿ, ಗಾಳಿ, ಏನೂ ಇಲ್ಲ."